ಆಟದ ಪ್ರತಿ ಮತ್ತು ಶಾಸ್ತ್ರದಾನ

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ದೊಡ್ಡಾಟ ಕಟ್ಟುವುದು ತಲೆಮಾರುಗಳಿಂದ ಬಂದ ವಾಡಿಕೆ. ಹಗಲೆಲ್ಲ ಹೊಲದಲ್ಲಿ ದುಡಿದ ರೈತನೇ ರಾತ್ರಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಅಟ್ಟವನ್ನೇರಿ ಅರ್ಜುನನೋ ಕರ್ಣನೋ ಆಗುತ್ತಾನೆ. ಭಾಗವತನ ಹಾಡು, ಹಿಮ್ಮೇಳದ ದನಿ, ಮದ್ದಳೆ ತಾಳಗಳ ನಡುವೆ ಗಣಪತಿ ಸ್ತುತಿಯಿಂದ ಮೊದಲಾದ ಆಟವು ಮಂಗಳದಲ್ಲಿ ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಇಷ್ಟು ದೊಡ್ಡ ಕಾರ್ಯಕ್ಕೆ ಆಧಾರವಾಗಿರುವುದು ಕೈಬರಹದ ಒಂದು ಪುಸ್ತಕ. ಅದೇ ಆಟದ ಪ್ರತಿ.

ಈ ಪ್ರತಿಯ ರಚನೆಯನ್ನು ಗಮನಿಸಬೇಕು. ಅದರಲ್ಲಿ ಪದಗಳಿರುತ್ತವೆ, ಪದಗಳ ನಡುವೆ ಪಾತ್ರಧಾರಿ ಆಡಬೇಕಾದ ಮಾತುಗಳಿರುತ್ತವೆ. ಪದದ ನೆತ್ತಿಯ ಮೇಲೆ ರಾಗ ಮತ್ತು ತಾಳದ ಹೆಸರು ಇರುವುದುಂಟು. ಕೆಲವೆಡೆ ಇಂಥ ಹಾಡಿನ ಧಾಟಿ ಎಂಬ ಸೂಚನೆ ಮಾತ್ರವಿರುತ್ತದೆ. ಆ ಧಾಟಿ ಎಂತಹುದೆಂಬುದು ಕಾಗದದ ಮೇಲೆ ಇಲ್ಲ. ಅದು ಆಟ ಕಲಿಸುವ ಮಾಸ್ತರರ ಕಂಠದಲ್ಲಿದೆ. ಅಂದರೆ ಕೃತಿಯ ಅರ್ಧಭಾಗ ಪುಸ್ತಕದಲ್ಲಿ, ಉಳಿದರ್ಧ ಮನುಷ್ಯನಲ್ಲಿ. ಪುಸ್ತಕವು ಗೆದ್ದಲಿಗೆ ತುತ್ತಾದರೂ, ಮಾಸ್ತರರು ಕಾಲವಶರಾದರೂ ಕೃತಿ ಅಪೂರ್ಣವಾಗುತ್ತದೆ.

ಹೀಗಾದುದು ನಮ್ಮ ನಾಡಿನಲ್ಲಿ ಮಾತ್ರವಲ್ಲ. ಪಾಶ್ಚಾತ್ಯರ ಆಪೆರಾ ಎಂಬ ಸಂಗೀತ ನಾಟಕದ ಇತಿಹಾಸ ಆರಂಭವಾಗುವುದೇ ಇಂಥ ನಷ್ಟದಿಂದ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1598ರ ಸುಮಾರಿಗೆ ಪ್ರದರ್ಶಿತವಾದ ‘ದಾಫ್ನೆ’ ಮೊದಲ ಆಪೆರಾ ಎಂದು ಪರಿಗಣಿತವಾಗಿದೆ. ಒತ್ತಾವಿಯೊ ರಿನುಚ್ಚೀನಿ ಬರೆದ ಅದರ ಸಾಹಿತ್ಯ ಉಳಿದಿದೆ. ಯಾಕೋಪೊ ಪೇರಿ ರಚಿಸಿದ ಸಂಗೀತದ ಬಹುಭಾಗ ನಷ್ಟವಾಗಿದೆ. ಇಂಥ ಸಾಹಿತ್ಯವನ್ನು ಅವರು ಲಿಬ್ರೆಟ್ಟೊ ಎನ್ನುತ್ತಾರೆ. ಚಿಕ್ಕ ಪುಸ್ತಕ ಎಂದು ಅದರ ಅರ್ಥ. 1607ರಲ್ಲಿ ಮಾಂಟುವಾ ನಗರದಲ್ಲಿ ಆಡಿದ ಮೊಂಟೆವೆರ್ದಿಯ ‘ಓರ್ಫೆಯೊ’ ನಾಟಕಕ್ಕೆ ಅದೇ ವರ್ಷ ಅಚ್ಚಾದ ಚಿಕ್ಕ ಪುಸ್ತಕದಲ್ಲಿ ಒಂದು ಮುಕ್ತಾಯವಿದ್ದರೆ, 1609ರಲ್ಲಿ ಅಚ್ಚಾದ ಸಂಗೀತ ಲಿಪಿಯಲ್ಲಿ ಬೇರೊಂದು ಮುಕ್ತಾಯವಿದೆ. ಎರಡನ್ನೂ ಕಾಪಾಡಿಕೊಂಡು ಬಂದುದರಿಂದಲೇ ವಿದ್ವಾಂಸರು ಇಂದಿಗೂ ಅವುಗಳನ್ನು ಹೋಲಿಸಿ ಅಭ್ಯಸಿಸುತ್ತಿದ್ದಾರೆ.

ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ನಾಟಕವೆಂದರೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಬರೆದ ‘ಮಿತ್ರವಿಂದಾ ಗೋವಿಂದ’. ಗ್ರಾಮೀಣ ರಂಗಭೂಮಿಯ ಸಾಹಿತ್ಯವು ವಿದ್ವತ್ತಿನ ದೃಷ್ಟಿಗೆ ಬಿದ್ದುದು ಬಹಳ ತಡವಾಗಿ. ಮೂಡಲಪಾಯ ಪರಂಪರೆಗಾಗಿ ಜೀ.ಶಂ. ಪರಮಶಿವಯ್ಯನವರೂ, ಉತ್ತರ ಕರ್ನಾಟಕದ ಜನಪದ ರಂಗಭೂಮಿಗಾಗಿ ಚಂದ್ರಶೇಖರ ಕಂಬಾರರೂ ಮಾಡಿದ ಕಾರ್ಯ ಸ್ಮರಣೀಯವಾದುದು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಐದು ತಾಲ್ಲೂಕುಗಳಿಗೆ ವಿದ್ಯಾಕೇಂದ್ರವೊಂದು ಸಮೀಪದಲ್ಲಿಯೇ ದೊರೆತಂತಾಯಿತು. ಆದರೂ ಹಳ್ಳಿಯ ಮನೆಯ ಪೆಟ್ಟಿಗೆಯಲ್ಲಿರುವ ಪ್ರತಿಯನ್ನು ಮೊದಲು ಕಾಣಬಲ್ಲವರು ಆ ಊರಿನವರೇ.

ಇಲ್ಲಿ ಧರ್ಮಬಂಧುಗಳಲ್ಲಿ ಒಂದು ಸಂದೇಹ ಮೂಡುವುದು ಸಹಜ. ನಾಟಕ, ನೃತ್ಯ, ಗೀತಗಳು ರಾಗವನ್ನು ಹೆಚ್ಚಿಸುವಂಥವು, ಪ್ರಮಾದಕ್ಕೆ ಕಾರಣವಾದವು. ದೊಡ್ಡಾಟದ ಕಥೆಗಳಲ್ಲಿಯಾದರೋ ಯುದ್ಧವೂ ವಧೆಯೂ ಹೇರಳ. ಇವುಗಳ ಗೊಡವೆ ಶ್ರಾವಕನಿಗೇಕೆ? ಈ ಪ್ರಶ್ನೆಗೆ ಜೈನ ಸಾಹಿತ್ಯದ ಇತಿಹಾಸವೇ ಉತ್ತರ ಕೊಡುತ್ತದೆ. ಶ್ವೇತಾಂಬರ ಆಗಮವಾದ ರಾಯಪಸೇಣಿಯದಲ್ಲಿ ಸೂರ್ಯಾಭದೇವನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ 32 ವಿಧದ ನಾಟ್ಯವನ್ನು ತೋರಿಸಿದ ಪ್ರಸಂಗವಿದೆ; ಕೊನೆಯದು ಮಹಾವೀರರ ಜೀವನಚರಿತೆಯೇ. 12ನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಗುಣಚಂದ್ರರು ‘ನಾಟ್ಯದರ್ಪಣ’ವೆಂಬ ಲಕ್ಷಣಗ್ರಂಥ ರಚಿಸಿದರು. ಪಾರ್ಶ್ವದೇವನ ‘ಸಂಗೀತಸಮಯಸಾರ’ ಸಂಗೀತಶಾಸ್ತ್ರದಲ್ಲಿ ಮಾನ್ಯವಾದುದು. ಕರ್ನಾಟಕದವನೇ ಆದ ಹಸ್ತಿಮಲ್ಲನು ‘ವಿಕ್ರಾಂತಕೌರವ’, ‘ಮೈಥಿಲೀಕಲ್ಯಾಣ’, ‘ಅಂಜನಾಪವನಂಜಯ’, ‘ಸುಭದ್ರಾ’ ಎಂಬ ಸಂಸ್ಕೃತ ರೂಪಕಗಳನ್ನು ಬರೆದನು. ಹಾಡುವುದಕ್ಕೆಂದೇ ಹುಟ್ಟಿದ ಸಾಂಗತ್ಯದಲ್ಲಿ ಶಿಶುಮಾಯಣನು ಅಂಜನೆಯ ಕಥೆಯನ್ನು ಹೇಳಿದನು. ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ‘ಭರತೇಶವೈಭವ’ವನ್ನು ಹಾಡಿದನು. ಆ ಮಹಾಕಾವ್ಯದಲ್ಲಿ ಪೂರ್ವನಾಟಕ, ಉತ್ತರನಾಟಕ ಎಂಬ ಸಂಧಿಗಳೇ ಇವೆ.

ಹಾಗೆಂದು ನಮ್ಮ ಪೂರ್ವಾಚಾರ್ಯರು ಕಲೆಯ ಅಪಾಯವನ್ನು ಅರಿಯದವರಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರಚರಿತೆ’ಯಲ್ಲಿ ಅರ್ಧರಾತ್ರಿಯಲ್ಲಿ ಕೇಳಿಬಂದ ಮಾವಟಿಗನ ಹಾಡೊಂದು ಅಮೃತಮತಿಯ ಪತನಕ್ಕೆ ಮೊದಲಾಗುತ್ತದೆ. ಪಂಪನು 941ರಲ್ಲಿ ಪೂರೈಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆಯ ನೃತ್ಯವು ವೃಷಭನಾಥರ ವೈರಾಗ್ಯಕ್ಕೆ ಕಾರಣವಾಗುತ್ತದೆ. ಒಂದೆಡೆ ಗೀತವು ಬಂಧಕ್ಕೆ, ಇನ್ನೊಂದೆಡೆ ನೃತ್ಯವು ಮೋಕ್ಷಮಾರ್ಗಕ್ಕೆ ನಿಮಿತ್ತ. ನಿಮಿತ್ತದಲ್ಲಿ ದೋಷವೂ ಇಲ್ಲ, ಗುಣವೂ ಇಲ್ಲ; ಜೀವನ ಪರಿಣಾಮದಂತೆ ಫಲ. ಜನ್ನನ ಆ ಕಥೆಯೇ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವಾಗಿ ಮತ್ತೆ ರಂಗವೇರಿ, ಸಂಕಲ್ಪಹಿಂಸೆಯೂ ಹಿಂಸೆಯೇ ಅಲ್ಲವೇ ಎಂಬ ಪ್ರಶ್ನೆಯನ್ನು ಜೈನೇತರ ಪ್ರೇಕ್ಷಕರ ಮುಂದೆಯೂ ಇರಿಸಿತು.

ನೀಲಾಂಜನೆಯ ಪ್ರಸಂಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯದು. ಮೊದಲಿನವಳು ಇಲ್ಲವಾದಳೆಂಬುದನ್ನು ವೃಷಭನಾಥರು ಮಾತ್ರ ಕಾಣುತ್ತಾರೆ. ಆಟದ ಪ್ರತಿಯ ವಿಷಯದಲ್ಲಿಯೂ ಇದೇ ನಡೆಯುತ್ತಿದೆ. ಹಳೆಯ ಧಾಟಿ ಬಲ್ಲ ಮಾಸ್ತರರು ತೀರಿಕೊಂಡ ಊರಿನಲ್ಲಿ ಅದೇ ಪದವನ್ನು ಹೊಸದೊಂದು ಜನಪ್ರಿಯ ಧಾಟಿಯಲ್ಲಿ ಹಾಡಿ ಆಟ ಮುಂದುವರಿಸಬಹುದು. ಅಟ್ಟ ಅದೇ, ವೇಷ ಅದೇ, ಪದವೂ ಅದೇ. ನಷ್ಟವಾಗಿದೆ ಎಂಬುದು ನೋಡುವವರಿಗೆ ಅರಿವಾಗುವುದಿಲ್ಲ. ಬರಹವೇ ಇಲ್ಲದ ಪರಂಪರೆಗಳ ಪಾಡಂತೂ ಇನ್ನೂ ನಾಜೂಕು. ಹಗರಿಬೊಮ್ಮನಹಳ್ಳಿಗೆ ಸಮೀಪದ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ, ಎಲ್ಲಮ್ಮನ ಕಥೆಯನ್ನು ಹಾಡಿ ಆಡಿ, 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಮಂಜಮ್ಮ ಜೋಗತಿಯವರು ಆ ಕಲೆಯನ್ನು ಹಿರಿಯ ಜೋಗತಿಯ ಬಾಯಿಂದ ಕೇಳಿಯೇ ಕಲಿತವರು.

ಪ್ರತಿ ಮಾಡಿಸುವುದು ಜೈನರಿಗೆ ಹೊಸ ವಿಷಯವಲ್ಲ. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವೂ ಸೇರಿದರೆ ಚತುರ್ವಿಧದಾನ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿದರೆ ಲಕ್ಕುಂಡಿ ದೂರವಲ್ಲ. ಅಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಹಡಗಲಿ ಹಗರಿಬೊಮ್ಮನಹಳ್ಳಿ ಸೀಮೆಯ ಕೋಗಳಿಯು ಪ್ರಾಚೀನ ಜೈನಕೇಂದ್ರ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಐದಾರು ನೂರು ವರ್ಷಗಳ ಹಿಂದಿನ ಸಂಗತಿಯನ್ನು ಯಾರೋ ಕಲ್ಲಿನಲ್ಲಿ ಬರೆಸಿದುದರಿಂದ ಅದು ಇಂದಿಗೂ ತಿಳಿಯುತ್ತದೆ. ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಆದರೆ ಅವುಗಳಿಗೆ ಪ್ರತಿಯಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿದ ಮೇಲೆಯೇ ಸ್ವಾಧ್ಯಾಯ ಮಾಡುವವರ ಕೈಗೆ ದೊರೆತವು. ಕಾಪಾಡುವುದು ಅರ್ಧ ಕಾರ್ಯ; ದೊರಕಿಸುವುದು ಇನ್ನರ್ಧ. ಜ್ಞಾನವನ್ನು ಮರೆಮಾಡುವುದೂ, ಅದಕ್ಕೆ ಅಂತರಾಯ ಒಡ್ಡುವುದೂ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಉಮಾಸ್ವಾಮಿಗಳು ಎಚ್ಚರಿಸಿದ್ದಾರೆ.

ಆಟದ ಪ್ರತಿಯು ಜಿನವಾಣಿಯಲ್ಲ. ಅದನ್ನು ಶಾಸ್ತ್ರದ ಪೀಠದ ಮೇಲೆ ಇರಿಸಬೇಕೆಂದು ಯಾರೂ ಹೇಳಲಾರರು. ಆದರೆ ನೆರೆಹೊರೆಯವರ ಜ್ಞಾನಸಂಪತ್ತು ಕಣ್ಣೆದುರಿಗೆ ನಾಶವಾಗುವಾಗ ಅದು ನಮ್ಮದಲ್ಲವೆಂದು ಸುಮ್ಮನಿರುವುದು ಅನೇಕಾಂತವನ್ನು ಒಪ್ಪಿದವರಿಗೆ ಶೋಭಿಸದು. ಗ್ರಂಥಭಂಡಾರದ ಅನುಭವವಿರುವ ಬಸದಿಗಳ ಆಡಳಿತ ಮಂಡಳಿಗಳು ಈ ಕಾರ್ಯಕ್ಕೆ ಅರ್ಹವಾದವು. ಪ್ರತಿಯನ್ನು ಮನೆಯವರ ಒಪ್ಪಿಗೆಯಿಂದ ಪಡೆದು, ಪುಟಪುಟವನ್ನೂ ಛಾಯಾಚಿತ್ರ ಮಾಡಿ, ಮೂಲವನ್ನು ಅವರಿಗೇ ಹಿಂದಿರುಗಿಸಬೇಕು. ಕವಿ, ನಕಲುಗಾರ, ಊರು, ಬರೆದ ತಿಥಿಗಳನ್ನು ದಾಖಲಿಸಬೇಕು. ಎಲ್ಲಕ್ಕಿಂತ ಮೊದಲು, ಧಾಟಿ ಬಲ್ಲ ಹಿರಿಯರಿಂದ ಒಂದೊಂದು ಪದವನ್ನೂ ಹಾಡಿಸಿ ಧ್ವನಿಮುದ್ರಿಸಬೇಕು. ಪುಸ್ತಕವು ಇನ್ನು ಹತ್ತು ವರ್ಷ ಕಾಯಬಹುದು, ಕಂಠವು ಕಾಯದು.

ಈ ಕಾರ್ಯದಲ್ಲಿ ಸತ್ಯಾಣುವ್ರತದ ಎರಡು ಅತಿಚಾರಗಳನ್ನು ನೆನಪಿನಲ್ಲಿಡುವುದು ಒಳಿತು. ಒಂದು ನ್ಯಾಸಾಪಹಾರ: ನಂಬಿ ಇಟ್ಟುದನ್ನು ಹಿಂದಿರುಗಿಸದಿರುವುದು. ಓದಿ ಕೊಡುವೆನೆಂದು ಒಯ್ದ ಪ್ರತಿಯು ಮರಳಿ ಬರದಿದ್ದರೆ ಆ ಮನೆಯವರು ಮುಂದೆ ಯಾರಿಗೂ ಪೆಟ್ಟಿಗೆ ತೆರೆಯುವುದಿಲ್ಲ. ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕೂಟಲೇಖಕ್ರಿಯೆ: ಇಲ್ಲದುದನ್ನು ಬರೆಯುವುದು. ಪದದಲ್ಲಿ ಹಿಂಸೆಯ ವರ್ಣನೆ ಬಂದಿತೆಂದೋ, ಭಾಷೆ ಒರಟಾಯಿತೆಂದೋ ತಿದ್ದಿ ಬರೆದರೆ ಅದು ಸದುದ್ದೇಶದ ಸುಳ್ಳಾದೀತು. ಇದ್ದುದನ್ನು ಇದ್ದಂತೆಯೇ ಬರೆದಿಟ್ಟು, ಹೇಳಬೇಕಾದ ವಿವೇಕದ ಮಾತನ್ನು ಬೇರೆಯಾಗಿ ಹೇಳುವುದೇ ಸರಿಯಾದ ಕ್ರಮ.

ಅತ್ತಿಮಬ್ಬೆಯ ಕಾಲದಲ್ಲಿ ಒಂದು ಪ್ರತಿಗೆ ತಾಳೆಗರಿ, ಲಿಪಿಕಾರ, ತಿಂಗಳುಗಳ ಶ್ರಮ ಬೇಕಾಗುತ್ತಿತ್ತು. ಆಕೆ 1000 ಮಾಡಿಸಿದಳು. ಇಂದು ಒಂದು ಪ್ರತಿಯನ್ನು ಉಳಿಸಲು ಒಂದು ದಿನದ ಬಿಡುವೂ, ಒಂದು ಊರಿನ ಪ್ರಯಾಣವೂ, ಹಿರಿಯರೊಬ್ಬರ ಮುಂದೆ ಕುಳಿತು ಕೇಳುವ ತಾಳ್ಮೆಯೂ ಸಾಕು. ಬರುವ ಸುಗ್ಗಿಯ ನಂತರ ಈ ಐದು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಆಟದ ತಾಲೀಮು ನಡೆದಾಗ ಅಲ್ಲಿಗೆ ಒಬ್ಬ ಶ್ರಾವಕನಾದರೂ ಹೋಗಿ ಕುಳಿತರೆ, ಶಾಸ್ತ್ರದಾನದ ಪರಂಪರೆ ಒಂದು ಹೆಜ್ಜೆ ಮುಂದೆ ಸಾಗಿದಂತೆಯೇ ಸರಿ.