ಕೂದಲು ತೆಳ್ಳಗಿದ್ದರೂ ತುರುಬು ತುಂಬಿ ಕಾಣಲು: ಬಿಗಿ ಬೇಡ, ಒಳಗೆ ಆಸರೆ ಬೇಕು

ಕೊಪ್ಪಳ: ಕೂದಲು ಸೊಂಟದ ತನಕ ಇದೆ, ತುರುಬು ಕಟ್ಟಿದರೆ ಮಾತ್ರ ನಿಂಬೆಹಣ್ಣಿನಷ್ಟು. ಮದುವೆ, ಕುಬಸ, ತೊಟ್ಟಿಲು ಕಾರ್ಯದ ದಿನ ಕನ್ನಡಿ ಮುಂದೆ ಈ ಮಾತು ಕೇಳದ ಮನೆ ಕಡಿಮೆ. ಬಳೆ ಅಂಗಡಿಗೆ ಬಂದವರು ‘ಅಕ್ಕಾರ, ಎಲ್ಲಕ್ಕಿಂತ ದೊಡ್ಡ ಬನ್ ಕೊಡ್ರೀ’ ಅಂತ ಕೇಳಿ ದೊಡ್ಡ ಡೋನಟ್ ಒಯ್ಯುತ್ತಾರೆ. ಮನೆಯಲ್ಲಿ ಹಾಕಿಕೊಂಡರೆ ಕೂದಲು ಅದನ್ನು ಮುಚ್ಚುವುದೇ ಇಲ್ಲ, ಸಂದಿಯಲ್ಲಿ ಸ್ಪಂಜು ಇಣುಕುತ್ತದೆ. ಮರುದಿನ ಅದು ವಾಪಸ್ ಅಂಗಡಿಗೇ ಬರುತ್ತದೆ.

ತಪ್ಪು ಡೋನಟ್‌ನದ್ದಲ್ಲ, ಅಳತೆಯದ್ದು. ಅದಕ್ಕಿಂತ ದೊಡ್ಡ ತಪ್ಪು ಬಿಗಿಯದ್ದು. ತೆಳು ಕೂದಲನ್ನು ಎಣ್ಣೆ ಹಚ್ಚಿ, ಎಳೆದು ಹಿಡಿದು ತಿರುಚಿದಷ್ಟೂ ಎಳೆಗಳ ನಡುವಿನ ಜಾಗ ಹೋಗಿ ಅದು ಹಗ್ಗದಂತಾಗುತ್ತದೆ. ಹಗ್ಗ ಎಷ್ಟು ಉದ್ದ ಇದ್ದರೇನು, ಸುತ್ತಿದರೆ ಸಣ್ಣ ಉಂಡೆಯೇ. ಎಳೆಗಳ ನಡುವೆ ಗಾಳಿ ಉಳಿಸಿ, ನಡುವೆ ಒಂದು ಚಿಕ್ಕ ಆಸರೆ ಇಟ್ಟರೆ ಅದೇ ಕೂದಲು ಎರಡು ಪಟ್ಟು ಕಾಣುತ್ತದೆ. ಉದ್ದ ಕೂದಲಿನವರಿಗೆ ಇದರಲ್ಲಿ ಅನುಕೂಲ ಜಾಸ್ತಿ. ದಪ್ಪ ಇಲ್ಲದ ಕೊರತೆಯನ್ನು ಇನ್ನೊಂದು ಸುತ್ತು ಹಾಕಿ ತುಂಬಿಸಬಹುದು.

ತೆಳು ಕೂದಲು ಅಂದರೆ ಎರಡು ಬೇರೆ ಸಂಗತಿ. ಕೆಲವರಿಗೆ ಒಂದೊಂದು ಎಳೆಯೇ ರೇಷ್ಮೆ ನೂಲಿನಂತೆ ಸಣ್ಣ. ಅದು ಹುಟ್ಟಿನಿಂದ ಬಂದದ್ದು, ಯಾವ ಎಣ್ಣೆಯಿಂದಲೂ ಎಳೆ ದಪ್ಪ ಆಗುವುದಿಲ್ಲ. ಇನ್ನು ಕೆಲವರಿಗೆ ಎಳೆ ಚೆನ್ನಾಗಿಯೇ ಇರುತ್ತದೆ, ತಲೆಯಲ್ಲಿ ಕೂದಲೇ ವಿರಳ. ಉದ್ದ ಕೂದಲಿನಲ್ಲಿ ಮೂರನೆಯದೂ ಒಂದಿದೆ: ತುದಿ ಸವೆಯುವುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟಿದ ತುದಿಗೆ ಆರೇಳು ವರ್ಷ ವಯಸ್ಸಾಗಿರುತ್ತದೆ. ಬಿಸಿಲು, ಹಣಿಗೆ, ರಬ್ಬರ್ ಬ್ಯಾಂಡ್ ಎಲ್ಲ ತಿಂದು ತುದಿ ಇಲಿಬಾಲದಂತಾಗಿರುತ್ತದೆ. ಆ ಎರಡು-ಮೂರು ಇಂಚು ಕತ್ತರಿಸಿದರೆ ಅಜ್ಜಿಯಂದಿರು ಬೈಯಬಹುದು, ಆದರೆ ತುರುಬಿಗೆ ಅದರಿಂದ ಲಾಭವೇ. ಸವೆದ ತುದಿ ತುರುಬಿಗೆ ದಪ್ಪ ಕೊಡುವುದಿಲ್ಲ, ಪಿನ್‌ನಿಂದ ಜಾರಿ ಹೊರಗೆ ಬರುತ್ತದೆ ಅಷ್ಟೆ.

ಬಾಣಂತಿಯರ ವಿಷಯ ಬೇರೆ. ಬಸುರಿ ಇದ್ದಾಗ ಉದುರಬೇಕಾದ ಕೂದಲು ಉದುರದೆ ನಿಲ್ಲುತ್ತದೆ, ಹೆರಿಗೆಯಾಗಿ ಎರಡು-ನಾಲ್ಕು ತಿಂಗಳಿಗೆ ಒಮ್ಮೆಲೇ ಉದುರಲು ಶುರು. ಕುಬಸದ ಫೋಟೊದಲ್ಲಿ ತುಂಬಿದ ತುರುಬು ಇದ್ದವಳಿಗೆ, ಐದನೇ ತಿಂಗಳಲ್ಲಿ ತೊಟ್ಟಿಲು ಕಾರ್ಯ ಇಟ್ಟುಕೊಂಡರೆ ಅರ್ಧ ತುರುಬೂ ಇರುವುದಿಲ್ಲ. ‘ದೃಷ್ಟಿ ಆಗ್ಯದ’ ಅನ್ನುವವರೂ ಇದ್ದಾರೆ. ದೃಷ್ಟಿಯಲ್ಲ, ದೇಹದ ಕ್ರಮ. ಬಹುತೇಕ ಒಂದು ವರ್ಷದೊಳಗೆ ಸರಿಹೋಗುತ್ತದೆ. ಟೈಫಾಯಿಡ್, ಡೆಂಗಿಯಂಥ ಜ್ವರ ಬಂದು ಹೋದ ಎರಡು-ಮೂರು ತಿಂಗಳ ಮೇಲೂ ಹೀಗೇ ಆಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚು ಬಹಳ ದಿನ ಉದುರುತ್ತಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ ರಕ್ತದಲ್ಲಿ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಬೇಕು. ತುರುಬಿನಲ್ಲಿ ಮುಚ್ಚಿಡುವ ವಿಷಯ ಅದಲ್ಲ.

ಹಿಂದಿನ ದಿನದ ತಯಾರಿ

ಕಾರ್ಯದ ದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುವುದು ಈ ಕಡೆಯ ಅಭ್ಯಾಸ. ತೆಳು ಕೂದಲಿಗೆ ಅದು ಆಗಿಬರುವುದಿಲ್ಲ. ಎಣ್ಣೆಗೆ ಎಳೆಗಳು ಒಂದಕ್ಕೊಂದು ಅಂಟಿ, ನಡುನಡುವೆ ತಲೆಯ ಚರ್ಮ ಕಾಣುತ್ತದೆ. ಎಣ್ಣೆ ಬೇಕೆಂದರೆ ಎರಡು ದಿನ ಮೊದಲೇ ಹಚ್ಚಿ, ಹಿಂದಿನ ದಿನ ತಲೆಸ್ನಾನ ಮುಗಿಸಬೇಕು. ಸೀಗೆಕಾಯಿಯಾದರೂ ಸರಿ, ಶಾಂಪೂ ಆದರೂ ಸರಿ, ಕಂಡೀಷನರ್ ಮಾತ್ರ ತುದಿಗಷ್ಟೇ, ಬುಡಕ್ಕೆ ಬೇಡ. ಅದೇ ದಿನ ತೊಳೆದ ಕೂದಲು ಜಾರುತ್ತದೆ, ಒಂದು ದಿನ ಹಳತಾದರೆ ಪಿನ್ ಹಿಡಿಯುತ್ತದೆ.

ತಲೆ ಬಗ್ಗಿಸಿ, ಕೂದಲು ಮುಂದಕ್ಕೆ ಇಳಿಬಿಟ್ಟು ಒಣಗಿಸಿದರೆ ಬುಡ ಎದ್ದು ನಿಲ್ಲುತ್ತದೆ. ಮುಕ್ಕಾಲು ಒಣಗಿದ ಮೇಲೆ ಐದಾರು ಸಡಿಲ ಜಡೆ ಹಾಕಿ ಮಲಗಿ, ಬೆಳಿಗ್ಗೆ ಬಿಚ್ಚಿದರೆ ಅಲೆಅಲೆಯಾಗಿರುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಪಾರ್ಲರ್‌ನಲ್ಲಿ ಕ್ರಿಂಪಿಂಗ್ ಮೆಷಿನ್‌ನಿಂದ ಮಾಡುವುದೂ ಇದೇ ಕೆಲಸ, ಬಿಸಿ ಒಂದು ಹೆಚ್ಚು. ಮೆಷಿನ್ ಬಳಸಿದರೂ ಮೇಲಿನ ಪದರ ಬಿಟ್ಟು ಒಳಗಿನ ಕೂದಲಿಗೆ, ಕಡಿಮೆ ಬಿಸಿಯಲ್ಲಿ ಮಾತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಎಳೆ ಬೇಗ ಸುಡುತ್ತದೆ.

ಕಟ್ಟುವ ಬಗೆ

ಮುಂದಿನ ಕೂದಲನ್ನು ಕಿವಿಯಿಂದ ಕಿವಿಗೆ ಗೆರೆ ತೆಗೆದು ಬೇರೆ ಇಡಬೇಕು. ನೆತ್ತಿಯ ಹಿಂದೆ ಎರಡು ಬೆರಳಗಲದ ಒಂದೊಂದೇ ಪದರ ಎತ್ತಿ ಹಿಡಿದು, ಸಣ್ಣ ಹಲ್ಲಿನ ಹಣಿಗೆಯಿಂದ ನಡುವಿನಿಂದ ಬುಡದ ಕಡೆಗೆ ಮೂರ್ನಾಲ್ಕು ಸಲ ಒತ್ತಿ ಬಾಚಬೇಕು. ಪಾರ್ಲರ್‌ನವರು ಬ್ಯಾಕ್‌ಕೋಂಬಿಂಗ್ ಅನ್ನುವುದು ಇದಕ್ಕೇ. ಹೆಚ್ಚು ಸಲ ಮಾಡಿದರೆ ಸಿಕ್ಕು, ತುಂಡಾಗುವುದು ಖಾತ್ರಿ. ಇದರ ಮೇಲೆ ಮುಂದಿನ ಕೂದಲು ಹೊದಿಸಿ ಮೇಲೆ ಮೇಲೆ ಸವರಿದರೆ ಸಾಕು.

ಹಿಂದಿನ ಕೂದಲನ್ನು ತಲೆಯ ನಡು ಎತ್ತರದಲ್ಲಿ, ಚಿಕ್ಕ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು. ಆರಿಸಿಕೊಳ್ಳುವ ಡೋನಟ್ ಚಿಕ್ಕದಿರಲಿ, ಅಂಗೈ ಮಧ್ಯದಲ್ಲಿ ಕೂರುವಷ್ಟು, ಬಣ್ಣ ಕಪ್ಪು. ಅಂಗಡಿಯಲ್ಲಿ ಸಿಗದಿದ್ದರೆ ಹಳೆಯ ಕಪ್ಪು ಸಾಕ್ಸಿನ ಬೆರಳ ಭಾಗ ಕತ್ತರಿಸಿ, ಸುರುಳಿ ಸುತ್ತಿದರೂ ಅದೇ ಕೆಲಸ. ಕಟ್ಟಿದ ಕೂದಲನ್ನು ಡೋನಟ್ ತೂತಿನಿಂದ ಹೊರಗೆಳೆದು ಮೂರು ಪಾಲು ಮಾಡಿ ಮೂರು ಜಡೆ ಹೆಣೆಯಬೇಕು.

ಇಲ್ಲಿಂದ ಮುಂದಿನದು ಎಲ್ಲಕ್ಕಿಂತ ಮುಖ್ಯ, ಬಹಳ ಮಂದಿ ಬಿಡುವುದೂ ಇದನ್ನೇ. ಹೆಣೆದ ಜಡೆಯ ತುದಿ ಒಂದು ಕೈಯಲ್ಲಿ ಹಿಡಿದು, ಅಂಚಿನ ಹೆಣಿಗೆಯನ್ನು ತುದಿಯಿಂದ ಮೇಲಕ್ಕೆ ಒಂದೊಂದಾಗಿ ಹೊರಗೆ ಎಳೆಯುತ್ತಾ ಬರಬೇಕು. ಕಿರುಬೆರಳಿನಷ್ಟಿದ್ದ ಜಡೆ ಎರಡು ಬೆರಳಗಲ ಚಪ್ಪಟೆಯಾಗುತ್ತದೆ. ಮೊದಲನೆಯದನ್ನು ಡೋನಟ್‌ಗೆ ಬಲಕ್ಕೆ ಸುತ್ತಿ, ಎರಡನೆಯದನ್ನು ಎಡಕ್ಕೆ ಸುತ್ತಿ, ಉಳಿದ ಒಂದರಿಂದ ಎಲ್ಲಿ ಸಂದಿ ಕಾಣುತ್ತದೋ ಅಲ್ಲಿ ಮುಚ್ಚಬೇಕು. ಬರೀ ಬಿಡಿ ಕೂದಲು ಸುತ್ತಿದರೆ ಡೋನಟ್ ಕಾಣುತ್ತದೆ, ಚಪ್ಪಟೆ ಜಡೆ ಸುತ್ತಿದರೆ ಕಾಣುವುದಿಲ್ಲ.

ಮೇಲೊಂದು ಕಪ್ಪು ನೆಟ್ ಹಾಕಿ, ಸುತ್ತಲೂ ಯು ಪಿನ್. ಪಿನ್ ಮೊದಲು ತುರುಬಿನ ಅಂಚಿನ ಕೂದಲು ಹಿಡಿದು, ಆಮೇಲೆ ಒಳಕ್ಕೆ ತಿರುಗಿ ತಲೆಗೆ ಒರಗಿಕೊಂಡು ಹೋಗಬೇಕು. ಕಪ್ಪು ಹೇರ್‌ಪಿನ್ನಿನ ಅಲೆಅಲೆಯ ಬದಿ ತಲೆಯ ಕಡೆಗಿರಬೇಕು. ಉಲ್ಟಾ ಹಾಕಿಕೊಂಡು ‘ಪಿನ್ನು ನಿಲ್ಲಂಗಿಲ್ರೀ’ ಅನ್ನುವವರೇ ಹೆಚ್ಚು.

ನೇರ ಬೈತಲೆ ತೆಗೆದರೆ ತೆಳು ಕೂದಲು ಇನ್ನೂ ತೆಳ್ಳಗೆ ಕಾಣುತ್ತದೆ. ಮದುಮಗಳಿಗೆ ಬೈತಲೆ ಬೊಟ್ಟು ಇಡುವುದಿದ್ದರೆ ಬೇರೆ ದಾರಿಯಿಲ್ಲ. ಉಳಿದವರು ಸ್ವಲ್ಪ ಓರೆ ಅಥವಾ ಅಂಕುಡೊಂಕು ಬೈತಲೆ ತೆಗೆಯುವುದು ಮೇಲು.

ಚೌರಿ ಕೊಳ್ಳುವಾಗ

ಡೋನಟ್ ಬರುವ ಮೊದಲು ಈ ಕೆಲಸ ಮಾಡುತ್ತಿದ್ದದ್ದು ಚೌರಿ. ಬಾಚಿದಾಗ ಬಿದ್ದ ಕೂದಲನ್ನು ಗೋಡೆ ಸಂದಿಯಲ್ಲಿ ಉಂಡೆ ಮಾಡಿಟ್ಟು, ಅದರಿಂದಲೇ ಚೌರಿ ಮಾಡಿಸಿಕೊಂಡ ಅಜ್ಜಿಯರು ಈಗಲೂ ಸಿಗುತ್ತಾರೆ. ಆ ಉಂಡೆ ಈಗ ಪಾತ್ರೆಯವನ ಗಾಡಿಗೆ ಹೋಗುತ್ತದೆ. ಹೀಗೆ ಸಂಗ್ರಹವಾದ ಕೂದಲನ್ನು ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುವ ಉದ್ಯಮಕ್ಕೆ ನಮ್ಮ ಜಿಲ್ಲೆಯ ಭಾಗ್ಯನಗರ ಹೆಸರಾಗಿದೆ. ಸಿಕ್ಕು ಬಿಡಿಸುವ ಕೈಗಳು ಬಹುತೇಕ ಹೆಣ್ಣುಮಕ್ಕಳದ್ದೇ.

ಕೊಳ್ಳುವವರು ನೋಡಬೇಕಾದದ್ದು ಇಷ್ಟು. ಅಂಗಡಿಯವರನ್ನು ಕೇಳಿ ಒಂದೇ ಎಳೆ ತೆಗೆದು ಸುಟ್ಟರೆ, ನಿಜವಾದ ಕೂದಲಾದರೆ ಪುಕ್ಕ ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನೈಲಾನ್ ಕೆಟ್ಟದ್ದೇನಲ್ಲ, ಹಗುರ, ಅಗ್ಗ. ಆದರೆ ಕೂದಲಿನ ದರ ಕೊಟ್ಟು ನೈಲಾನ್ ಒಯ್ಯಬಾರದು. ಇನ್ನೊಂದು, ಬಾಚಿ ಬಿದ್ದ ಕೂದಲಿನಲ್ಲಿ ಬುಡ-ತುದಿ ಅದಲುಬದಲಾಗಿ ಸೇರಿರುತ್ತವೆ, ಹಾಗಾಗಿ ಬೇಗ ಸಿಕ್ಕಾಗುತ್ತದೆ. ಮುಡಿ ಕೊಟ್ಟು ಕತ್ತರಿಸಿದ ಕೂದಲು ಒಂದೇ ದಿಕ್ಕಿಗಿರುವುದರಿಂದ ಹೆಚ್ಚು ದಿನ ಬಾಳುತ್ತದೆ, ಬೆಲೆಯೂ ಹೆಚ್ಚು.

ಅಂಗಡಿಯವರಿಗೂ ಒಂದು ಮಾತು. ದೊಡ್ಡ ಡೋನಟ್ ಮಾತ್ರ ತರಿಸುವ ಬದಲು ಚಿಕ್ಕ ಅಳತೆಯವು, ಕಪ್ಪು ನೆಟ್, ಯು ಪಿನ್ ಜೊತೆಗಿಟ್ಟು ಮಾರಿದರೆ ವಾಪಸ್ ಬರುವುದು ಕಡಿಮೆಯಾದೀತು.

ಭಾರ ಎಷ್ಟು?

ಚೌರಿ, ಜಡೆಬಿಲ್ಲೆ, ಮೇಲೆ ಮಾರುಗಟ್ಟಲೆ ಮಲ್ಲಿಗೆ: ಇಷ್ಟೂ ಭಾರ ಕೆಲವೇ ಎಳೆಗಳ ಮೇಲೆ ಜೋತುಬಿದ್ದರೆ ಬುಡ ಸಡಿಲಾಗುತ್ತದೆ. ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ಹಿಂದೆ ಸರಿಯುವುದು, ಅಲ್ಲಿ ಸಣ್ಣ ಗುಳ್ಳೆ, ಸಂಜೆಗೆ ತಲೆನೋವು ಇದರ ಲಕ್ಷಣ. ವರ್ಷಗಟ್ಟಲೆ ಹೀಗೆ ಎಳೆದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೇ ಇರಬಹುದು. ದಿನಾ ಬಿಗಿ ಜಡೆ ಹಾಕಿಸಿಕೊಂಡು ಶಾಲೆಗೆ ಹೋಗುವ ಹುಡುಗಿಯರಿಗೂ ಇದು ಅನ್ವಯ.

ಹೂವಿನ ವಿಷಯದಲ್ಲಿ ತೆಳು ಕೂದಲಿನವರು ಚಿಂತೆ ಮಾಡಬೇಕಿಲ್ಲ, ಹೂವೇ ಅವರ ನೆರವಿಗೆ ಬರುತ್ತದೆ. ನದಿಯಾಚೆಯ ಹಡಗಲಿ ಮಲ್ಲಿಗೆಯ ಒಂದು ಸಣ್ಣ ದಂಡೆಯನ್ನು ತುರುಬಿನ ಬುಡಕ್ಕೆ ಅರ್ಧಚಂದ್ರದಂತೆ ಸುತ್ತಿದರೆ ಸಂದಿ ಮುಚ್ಚಿ, ತುರುಬು ಅಗಲ ಕಾಣುತ್ತದೆ. ನೀರು ಚಿಮುಕಿಸಿದ ಹೂವನ್ನು ಮೊದಲು ಕೊಡವಬೇಕು, ಅರ್ಧ ಭಾರ ನೀರಿನದ್ದೇ. ಪಿನ್ ಮಾಡುವುದು ನೆಟ್‌ಗೆ, ಕೂದಲಿಗಲ್ಲ.

ರಾತ್ರಿ ಎಷ್ಟೇ ದಣಿವಿದ್ದರೂ ತುರುಬು ಬಿಚ್ಚದೆ ಮಲಗಬಾರದು. ಮೊದಲು ಹೂವು, ಆಮೇಲೆ ಪಿನ್, ಕೊನೆಗೆ ಡೋನಟ್. ಸಿಕ್ಕಿದ್ದಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಬೆಳಿಗ್ಗೆ ಪಿನ್ ಹಾಕುವಾಗಲೇ ಎಣಿಸಿಟ್ಟುಕೊಂಡಿದ್ದರೆ ಒಂದು ಒಳಗೇ ಉಳಿದು, ದಿಂಬಿಗೆ ತಲೆ ಇಟ್ಟಾಗ ಚುಚ್ಚುವುದು ತಪ್ಪುತ್ತದೆ.