ಪಂಥಗಳು ಅಳಿದರೂ ವಿಧಾನಗಳು ಉಳಿದ ಬಗೆ

ಮನೋವಿಜ್ಞಾನದ ಪಠ್ಯಪುಸ್ತಕಗಳು ಪಂಥಗಳನ್ನು ರಾಜವಂಶಗಳ ಹಾಗೆ ಸಾಲಾಗಿ ನಿಲ್ಲಿಸುತ್ತವೆ. ರಚನಾವಾದ ಹೋಯಿತು, ವರ್ತನಾವಾದ ಬಂತು, ಅದನ್ನು ಇಳಿಸಿ ಸಂಜ್ಞಾನವಾದ ಪಟ್ಟಕ್ಕೇರಿತು. ಪರೀಕ್ಷೆಗೆ ಓದುವವರಿಗೆ ಇದು ಅನುಕೂಲ, ಆದರೆ ನಡೆದದ್ದು ಹೀಗಲ್ಲ. ಮನಸ್ಸು ಎಂದರೇನು ಎಂಬುದಕ್ಕಿಂತ ಹೆಚ್ಚಾಗಿ, ಯಾರನ್ನು, ಎಲ್ಲಿ ಕೂರಿಸಿಕೊಂಡು ನೋಡಬೇಕು ಎಂಬುದಕ್ಕೇ ಈ ಪಂಥಗಳು ಜಗಳವಾಡಿದವು. ಹಾಗಾಗಿ ಸಿದ್ಧಾಂತ ಬಿದ್ದುಹೋದ ಮೇಲೂ ಪಂಥವೊಂದು ರೂಢಿಸಿದ ನೋಡುವ ಕ್ರಮ ಮುಂದಿನವರ ಕೈಸೇರಿದೆ. ಎಷ್ಟೋ ಸಲ ಆ ಕ್ರಮವೇ ಸಿದ್ಧಾಂತವನ್ನು ಕೆಡವಿದೆ.

1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದಾಗ ನೋಡುವವನೂ ನೋಡಿಸಿಕೊಳ್ಳುವವನೂ ಒಬ್ಬನೇ: ತನ್ನ ಅನುಭವವನ್ನು ತಾನೇ ವರದಿ ಮಾಡಲು ಪಳಗಿದ ವೀಕ್ಷಕ. ವುಂಟ್‌ನ ಶಿಷ್ಯ ಟಿಚನರ್ ಅಮೆರಿಕದ ಕಾರ್ನೆಲ್‌ನಲ್ಲಿ ಇದನ್ನೇ ಬಿಗಿಗೊಳಿಸಿ, ಆಲೋಚನೆಯೆಲ್ಲ ಸಂವೇದನೆ ಮತ್ತು ಬಿಂಬಗಳ ಕೂಡಿಕೆ ಎಂದ; ರಚನಾವಾದವೆಂದರೆ ಇದೇ. ವುರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆಯ ಬಳಗದ ವೀಕ್ಷಕರು ಬಿಂಬವೇ ಇಲ್ಲದ ಆಲೋಚನೆಯೂ ಇದೆ ಎಂದು ವರದಿ ಮಾಡಿದರು. ನಿಮ್ಮವರು ಸರಿಯಾಗಿ ನೋಡಿಲ್ಲ ಎಂದು ಟಿಚನರ್ ಪಟ್ಟುಹಿಡಿದ. ತೀರ್ಪು ಹೇಳಬಲ್ಲ ಮೂರನೆಯವನು ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಸಾಕ್ಷ್ಯವೆಲ್ಲ ವೀಕ್ಷಕನ ತಲೆಯೊಳಗೇ ಇತ್ತು. ಹೀಗೆ ತನ್ನೊಳಗನ್ನು ತಾನೇ ನೋಡಿಕೊಳ್ಳುವ ಆತ್ಮಾವಲೋಕನ ಸೋತದ್ದು ಇಲ್ಲಿ. ಆದರೆ ವುಂಟ್‌ನ ಪ್ರಯೋಗಶಾಲೆಯ ಇನ್ನೊಂದು ಕೆಲಸ, ಅಂದರೆ ಪ್ರಚೋದನೆಗೂ ಉತ್ತರಕ್ಕೂ ನಡುವಿನ ಸಮಯವನ್ನು ಅಳೆಯುವುದು, ಸೋಲಲಿಲ್ಲ. 1966ರಲ್ಲಿ ಸಾಲ್ ಸ್ಟರ್ನ್‌ಬರ್ಗ್, ನೆನಪಿನಲ್ಲಿಟ್ಟುಕೊಂಡ ಒಂದೊಂದು ಅಂಕಿ ಹೆಚ್ಚಿದಂತೆಲ್ಲ ಉತ್ತರ ಸುಮಾರು 38 ಮಿಲಿಸೆಕೆಂಡ್ ತಡವಾಗುತ್ತದೆ ಎಂದು ತೋರಿಸಿದ್ದು ಈ ಹಳೆಯ ಅಳತೆಯಿಂದಲೇ.

ಪಂಥಗಳನ್ನು ಉರುಳಿಸಿದ್ದು ಸಾಕ್ಷ್ಯವೇ, ವರ್ತನಾವಾದವನ್ನೇ ನೋಡಿ ಎಂದು ಯಾರಾದರೂ ಆಕ್ಷೇಪಿಸಬಹುದು. 1913ರಲ್ಲಿ ವಾಟ್ಸನ್ ಪ್ರಜ್ಞೆಯ ಮಾತನ್ನೇ ಬಿಡಿ, ಎಲ್ಲರಿಗೂ ಕಾಣುವ ವರ್ತನೆಯನ್ನಷ್ಟೇ ಅಳೆಯಿರಿ ಎಂದ. ಕ್ರಮೇಣ ಮನುಷ್ಯನ ಜಾಗಕ್ಕೆ ಇಲಿ ಬಂತು. ಆ ಪಂಥ ಸಾಕ್ಷ್ಯದ ಎದುರು ಹಿಮ್ಮೆಟ್ಟಿದ್ದು ನಿಜ, ಆದರೆ ಆ ಸಾಕ್ಷ್ಯ ಹುಟ್ಟಿದ್ದು ಅದರದೇ ಜಟಿಲಪಥಗಳಲ್ಲಿ. ಟೋಲ್ಮನ್ ಮತ್ತು ಹೊನ್‌ಜಿಕ್ 1930ರಲ್ಲಿ ಕೆಲವು ಇಲಿಗಳನ್ನು ಹತ್ತು ದಿನ ಆಹಾರದ ಬಹುಮಾನವಿಲ್ಲದೆ ಜಟಿಲಪಥದಲ್ಲಿ ಅಲೆಯಲು ಬಿಟ್ಟರು. ಹನ್ನೊಂದನೆಯ ದಿನ ಆಹಾರ ಇಟ್ಟದ್ದೇ ತಡ, ಅವುಗಳ ತಪ್ಪುಗಳು ಥಟ್ಟನೆ ಇಳಿದು, ಮೊದಲಿನಿಂದ ಬಹುಮಾನ ಪಡೆಯುತ್ತಿದ್ದ ಇಲಿಗಳ ಮಟ್ಟ ಮುಟ್ಟಿದವು. ಬಹುಮಾನವಿಲ್ಲದೆಯೇ ಅವು ದಾರಿ ಕಲಿತಿದ್ದವು. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್, ಹೊಟ್ಟೆ ಕೆಟ್ಟ ಇಲಿ ನೀರಿನ ರುಚಿಯನ್ನು ದೂರುತ್ತದೆ, ವಿದ್ಯುತ್ ಆಘಾತ ತಿಂದ ಇಲಿ ಬೆಳಕು-ಸದ್ದನ್ನು ದೂರುತ್ತದೆ ಎಂದು ತೋರಿಸಿದರು. ಯಾವ ಪ್ರಚೋದನೆಯನ್ನಾದರೂ ಯಾವುದಕ್ಕಾದರೂ ಗಂಟುಹಾಕಬಹುದು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು. ಆದರೂ ಇಂದು ಹೊಸ ಔಷಧವನ್ನು ಇಲಿಯ ಮೇಲೆ ಪರೀಕ್ಷಿಸುವಾಗ ಬಳಕೆಗೆ ಬರುವ ಸಾಧನಗಳಲ್ಲಿ ವರ್ತನಾವಾದಿ ಸ್ಕಿನ್ನರನ ಪೆಟ್ಟಿಗೆಯೂ ಒಂದು; ಅದರೊಳಗೆ ಸನ್ನೆ ಒತ್ತಿದ ಇಲಿಗೆ ಆಹಾರ ಸಿಗುತ್ತದೆ. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಸ್ಕಿನ್ನರನ ಭಾಷಾ ಗ್ರಂಥವನ್ನು ವಿಮರ್ಶಿಸಿ ವರ್ತನಾವಾದಕ್ಕೆ ಪೆಟ್ಟು ಕೊಟ್ಟದ್ದು ಮಾತ್ರ ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಅಲ್ಲಿ ಇಲಿಯೂ ಇಲ್ಲ, ಗಡಿಯಾರವೂ ಇಲ್ಲ, ತರ್ಕವೊಂದೇ. ತರ್ಕದ ಬಲವನ್ನು ಅಲ್ಲಗಳೆಯಬೇಕಿಲ್ಲ. ಆದರೂ ಪ್ರಯೋಗಶಾಲೆಗಳು ಸಂಜ್ಞಾನದ, ಅಂದರೆ ಮನಸ್ಸಿನೊಳಗಿನ ಅರಿವಿನ ಕ್ರಿಯೆಗಳ ಕಡೆ ವಾಲಲು ಕಂಪ್ಯೂಟರ್ ಎಂಬ ಹೊಸ ಮಾದರಿ ಮತ್ತು ಅಳೆಯಬಲ್ಲ ಕೆಲಸಗಳು ಬೇಕಾದವು.

ಬಿಡಿ ಭಾಗಗಳಿಗಿಂತ ಇಡಿಯಾದ ರೂಪವೇ ಮುಖ್ಯ ಎಂದ ಗೆಸ್ಟಾಲ್ಟ್ ಪಂಥದ ಕಣ್ಣಿನ ಪ್ರಯೋಗಗಳು ಇಂದು ಗ್ರಹಿಕೆಯ ಅಧ್ಯಯನದಲ್ಲಿ ಕರಗಿಹೋಗಿವೆ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೆಚ್ಚು ಕುತೂಹಲದ್ದು ಫ್ರಾಯ್ಡ್ ಕಟ್ಟಿದ ಮನೋವಿಶ್ಲೇಷಣೆ. ಅದನ್ನು ವಿಜ್ಞಾನವೆಂದು ಒಪ್ಪದವರು, ಅಲ್ಲಿ ಉಳಿಯಲು ಯಾವ ವಿಧಾನವಿತ್ತು ಎಂದು ಕೇಳುತ್ತಾರೆ. ಇದ್ದದ್ದು ರೋಗಿಯ ಬಳಿ ಗಂಟೆಗಟ್ಟಲೆ ಕೂತು ಕೇಳಿಸಿಕೊಳ್ಳುವ ರೂಢಿ. ಮನೋವಿಶ್ಲೇಷಣೆಯಲ್ಲೇ ತರಬೇತಾದ ಆರನ್ ಬೆಕ್ ಫಿಲಡೆಲ್ಫಿಯಾದಲ್ಲಿ ಖಿನ್ನರ ಕನಸುಗಳನ್ನು ಪರಿಶೀಲಿಸಿದ್ದು, ಖಿನ್ನತೆಯೆಂದರೆ ತನ್ನ ಮೇಲೇ ತಿರುಗಿದ ಸಿಟ್ಟು ಎಂಬ ಫ್ರಾಯ್ಡಿಯನ್ ಮಾತನ್ನು ಸಾಬೀತು ಮಾಡಲು. ಸಿಕ್ಕಿದ್ದು ಸಿಟ್ಟಲ್ಲ, ಸೋಲು ಮತ್ತು ನಷ್ಟದ ಕಥೆಗಳು. ಫ್ರಾಯ್ಡನ ವಿವರಣೆಯನ್ನು ಬಿಟ್ಟು ಆತ ಕಟ್ಟಿದ ಸಂಜ್ಞಾನಾತ್ಮಕ ಚಿಕಿತ್ಸೆಯಲ್ಲೂ ಇಬ್ಬರು ಒಟ್ಟಿಗೆ ಕೂತು ಮಾತಾಡುವುದು ಉಳಿದಿದೆ. ಮುಂದೆ ಅದು ವರ್ತನಾವಾದಿಗಳ ಅಭ್ಯಾಸಕ್ರಮಗಳೊಂದಿಗೂ ಬೆರೆಯಿತು.

ಭಾರತಕ್ಕೆ ಮನೋವಿಜ್ಞಾನ ಬಂದ ದಾರಿಯಲ್ಲೂ ಪಂಥಕ್ಕಿಂತ ವಿಧಾನವೇ ಮುಂದೆ ಸಾಗಿದ್ದು ಕಾಣುತ್ತದೆ. ವುಂಟ್‌ನ ಶಿಷ್ಯ ಮುನ್‌ಸ್ಟರ್‌ಬರ್ಗ್‌ನ ಬಳಿ ಹಾರ್ವರ್ಡ್‌ನಲ್ಲಿ ಕಲಿತ ಎನ್. ಎನ್. ಸೇನ್‌ಗುಪ್ತ ಕಲ್ಕತ್ತೆಯ ವಿಭಾಗಕ್ಕೆ ಪ್ರಯೋಗಶಾಲೆಯನ್ನು ತಂದರು. ಲಂಡನ್‌ನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್‌ರ ಕೈಕೆಳಗೆ ಕಲಿತ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ವಿಭಾಗ ಕಟ್ಟಿದರು. ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಿನೆ ಯಾವ ಪಂಥದವನೂ ಅಲ್ಲ, ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಲು ಪರೀಕ್ಷೆ ಕಟ್ಟಿದವನು. ಬಿನೆ-ಕಾಮತ್ ಪರೀಕ್ಷೆಯನ್ನು ನಮ್ಮ ಚಿಕಿತ್ಸಾಲಯಗಳಲ್ಲಿ ಬಳಸುವವರು ಮಗುವಿನ ಮುಂದೆ ಕೂರುವ ಮೊದಲು ರಚನಾವಾದಿಯೋ ವರ್ತನಾವಾದಿಯೋ ಆಗಬೇಕಿಲ್ಲ.