ದುಬೈ ಠಸ್ಸೆ, ಅಜ್ಮಾನ್ ಚೀಟಿ: ಒಂದು ವಿದ್ಯಾರ್ಥಿ ಹವ್ಯಾಸದ ಕೊಲ್ಲಿ ಚರಿತ್ರೆ

ಮೊಬೈಲ್ ಬರುವ ಮುಂಚಿನ ಒಂದೆರಡು ತಲೆಮಾರುಗಳ ಶಾಲೆ-ಕಾಲೇಜು ವಿದ್ಯಾರ್ಥಿಗಳಿಗೆ ಅಂಚೆಚೀಟಿ ಸಂಗ್ರಹ ದೊಡ್ಡ ಹವ್ಯಾಸವಾಗಿತ್ತು. ಅರ್ಜಿ ನಮೂನೆಯಲ್ಲಿ ‘ಹವ್ಯಾಸಗಳು’ ಎಂಬ ಸಾಲು ಕಂಡರೆ ಪುಸ್ತಕ ಓದುವುದು, ಕ್ರಿಕೆಟ್ ಇವುಗಳ ಪಕ್ಕದಲ್ಲಿ ಸ್ಟಾಂಪ್ ಕಲೆಕ್ಷನ್ ಕೂಡ ಜಾಗ ಹಿಡಿಯುತ್ತಿತ್ತು. 1970, 80ರ ದಶಕಗಳ ಅಂಥ ಆಲ್ಬಂಗಳನ್ನು ಇಂದು ತೆರೆದರೆ ಅಜ್ಮಾನ್, ಫುಜೈರಾ, ರಾಸ್ ಅಲ್ ಖೈಮಾ, ಉಮ್ ಅಲ್ ಕುವೈನ್, ಶಾರ್ಜಾ ಎಂಬ ಹೆಸರುಗಳ ಕೆಳಗೆ ಬಣ್ಣಬಣ್ಣದ ಚಿಟ್ಟೆ, ಬೆಕ್ಕು, ಫುಟ್‌ಬಾಲ್, ರಾಕೆಟ್‌ಗಳು ಸಾಲುಗಟ್ಟಿ ಕಾಣುತ್ತವೆ. ಇಂದಿನ ಸಂಯುಕ್ತ ಅರಬ್ ಎಮಿರೇಟ್ಸ್‌ನ ಈ ಪುಟ್ಟ ಸಂಸ್ಥಾನಗಳು ಜಗತ್ತಿನ ಮಕ್ಕಳ ಆಲ್ಬಂ ಸೇರಿದ ಬಗೆ ವಿಚಿತ್ರವಾದದ್ದು. ಅರ್ಧ ಶತಮಾನ ಅಲ್ಲಿಂದ ನಿಜವಾದ ಪತ್ರಗಳು ಹೊರಟವು, ಆದರೆ ಚೀಟಿಯ ಮೇಲೆ ಊರಿನ ಹೆಸರಿರಲಿಲ್ಲ. ಆಮೇಲೆ ಹೆಸರು ಹೊತ್ತ ಚೀಟಿಗಳು ಲೆಕ್ಕವಿಲ್ಲದಷ್ಟು ಬಂದವು, ಅವುಗಳನ್ನು ಹಚ್ಚಿದ ಪತ್ರಗಳು ಇಲ್ಲವೆನ್ನುವಷ್ಟು ಕಡಿಮೆ.

ಈ ಕಥೆ ಶುರುವಾಗುವುದು ಭಾರತದ ಅಂಚೆ ಇಲಾಖೆಯಿಂದ. 1853ರ ಶಾಶ್ವತ ಕದನವಿರಾಮದ ಒಪ್ಪಂದದ ನಂತರ ಕೊಲ್ಲಿಯ ಈ ಕರಾವಳಿಯ ಶೇಖರು ಬ್ರಿಟಿಷರ ಛತ್ರದಡಿ ಬಂದಿದ್ದರು. ಅವರ ಮೇಲೆ ಕಣ್ಣಿಟ್ಟಿದ್ದ ರಾಜಕೀಯ ರೆಸಿಡೆಂಟ್ ಕೂರುತ್ತಿದ್ದುದು ಪರ್ಷಿಯಾದ ಬುಶೈರ್‌ನಲ್ಲಿ, ಅವನು ಉತ್ತರ ಕೊಡಬೇಕಾಗಿದ್ದುದು ಭಾರತ ಸರ್ಕಾರಕ್ಕೆ. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಮುಂಬಯಿ, ಕರಾಚಿಗಳಿಂದ ಬಸ್ರಾದವರೆಗೆ ಟಪಾಲು ಒಯ್ಯುತ್ತಿದ್ದವು. ಆಗ ಕೊಲ್ಲಿಯ ದೊಡ್ಡ ವ್ಯಾಪಾರದ ಬಂದರು ಪರ್ಷಿಯಾ ದಡದ ಲಿಂಗೆ. 20ನೇ ಶತಮಾನದ ಆರಂಭದಲ್ಲಿ ಪರ್ಷಿಯಾ ಸುಂಕ ಬಿಗಿಮಾಡಿದ್ದೇ ತಡ, ಲಿಂಗೆಯ ವರ್ತಕರು ಸುಂಕದ ಕಾಟವಿಲ್ಲದ ದುಬೈಗೆ ದಾಟಿದರು. ಅವರ ಹಿಂದೆ ಹಡಗು ಬಂತು, ಹಡಗಿನ ಹಿಂದೆ ಅಂಚೆ. 1909ರ ಆಗಸ್ಟ್ 19ರಂದು ದುಬೈಯಲ್ಲಿ ಭಾರತೀಯ ಅಂಚೆ ಕಚೇರಿ ತೆರೆಯಿತು. ಆ ಕರಾವಳಿಗೆಲ್ಲ ದಶಕಗಟ್ಟಲೆ ಅದೊಂದೇ ಅಂಚೆ ಕಚೇರಿ.

ಅಲ್ಲಿ ಮಾರುತ್ತಿದ್ದುದು ಭಾರತದ ಮಾಮೂಲಿ ಚೀಟಿಗಳನ್ನು. ದೊರೆಯ ತಲೆಚಿತ್ರ, ಆಣೆಯಲ್ಲಿ ಬೆಲೆ, ಎಲ್ಲವೂ ಮಂಗಳೂರಿನ ಕಚೇರಿಯಲ್ಲಿ ಸಿಗುತ್ತಿದ್ದ ಚೀಟಿಯಂತೆಯೇ. ದುಬೈಯ ಮುತ್ತಿನ ವ್ಯಾಪಾರಿ ಮುಂಬಯಿಯ ದಲ್ಲಾಳಿಗೆ ಬರೆದ ಪತ್ರವನ್ನು ಮೈಸೂರಿನ ಪತ್ರದಿಂದ ಬೇರ್ಪಡಿಸುವುದು ಠಸ್ಸೆಯ ದುಂಡು ಗೆರೆಯೊಳಗಿನ ಒಂದೇ ಪದ. ಸಂಗ್ರಾಹಕರು ಇಂಥ ಚೀಟಿಯನ್ನು ಭೂತಗನ್ನಡಿ ಹಿಡಿದು ನೋಡುವುದು ಈ ಕಾರಣಕ್ಕೆ. ಚಿತ್ರಕ್ಕೆ ನಾಲ್ಕಾಣೆಯ ಬೆಲೆಯೂ ಇಲ್ಲದ ಚೀಟಿಗೆ ಅರೆ ಅಳಿಸಿದ ಠಸ್ಸೆಯಲ್ಲಿ ದುಬೈ ಎಂದು ಓದಲು ಸಿಕ್ಕರೆ ಅದರ ದರವೇ ಬೇರೆ.

1947ರ ದೇಶವಿಭಜನೆ ದುಬೈಯ ಅಂಚೆ ಕೌಂಟರನ್ನೂ ಬಿಡಲಿಲ್ಲ. ಕಚೇರಿಯ ಆಡಳಿತ ಆ ವರ್ಷದ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಪಾಲಿಗೆ ಹೋಯಿತು. ಭಾರತದ ಹಳೆಯ ಚೀಟಿಗಳ ಮೇಲೆಯೇ ‘ಪಾಕಿಸ್ತಾನ’ ಎಂದು ಅಚ್ಚೊತ್ತಿದವು ಆರು ತಿಂಗಳು ಅಲ್ಲಿ ಚಲಾವಣೆಯಲ್ಲಿದ್ದವು. 1948ರ ಏಪ್ರಿಲ್ 1ರಿಂದ ಬ್ರಿಟನ್ ನೇರವಾಗಿ ಅಂಚೆ ನಡೆಸಲು ತೊಡಗಿತು. ಲಂಡನ್‌ನ ಚೀಟಿ ತಂದು, ಪೆನ್ನಿಯ ಬೆಲೆಯ ಮೇಲೆ ಆಣೆ-ರೂಪಾಯಿ ಮುದ್ರಿಸಿ ಮಾರಿದರು, ಏಕೆಂದರೆ ಕರಾವಳಿಯಲ್ಲಿ ನಡೆಯುತ್ತಿದ್ದ ಹಣ ಭಾರತದ ರೂಪಾಯಿಯೇ. 1957ರಲ್ಲಿ ಭಾರತ ದಶಮಾಂಶ ನಾಣ್ಯಕ್ಕೆ ಬದಲಾದಾಗ ಇಂಗ್ಲೆಂಡ್ ರಾಣಿಯ ಮುಖದ ಚೀಟಿಯ ಮೇಲೂ ‘ನಯೇ ಪೈಸೆ’ ಬಂತು. ಇಷ್ಟೆಲ್ಲ ಆದರೂ ಊರಿನ ಹೆಸರಿಗೆ ಮಾತ್ರ ಜಾಗವಿರಲಿಲ್ಲ. ಇವೇ ಚೀಟಿಗಳು ಮಸ್ಕತ್‌ನಲ್ಲೂ ನಡೆಯುತ್ತಿದ್ದವು.

1961ರ ಜನವರಿ 7ರಂದು ‘ಟ್ರೂಷಿಯಲ್ ಸ್ಟೇಟ್ಸ್’ ಎಂಬ ಹೆಸರಿನಲ್ಲಿ ಹನ್ನೊಂದು ಚೀಟಿಗಳು ಹೊರಬಂದವು. ಕಡಿಮೆ ಬೆಲೆಯವುಗಳ ಮೇಲೆ ಏಳು ಸಂಸ್ಥಾನಗಳಿಗೆ ಏಳು ಖರ್ಜೂರದ ಮರ, ರೂಪಾಯಿ ಬೆಲೆಯವುಗಳ ಮೇಲೆ ಹಾಯಿಹಡಗು. ಏಳು ಸಂಸ್ಥಾನಗಳ ಹೆಸರಿನ ಈ ಚೀಟಿ ಮಾರಾಟವಾದದ್ದು ದುಬೈ ಒಂದರಲ್ಲೇ. ಒಕ್ಕೂಟ ಹುಟ್ಟುವ ಹತ್ತು ವರ್ಷ ಮೊದಲೇ ಒಂದು ಅಂಚೆಚೀಟಿ ಅದನ್ನು ಕಲ್ಪಿಸಿಕೊಂಡಿತ್ತು ಎನ್ನಬಹುದು. ಶೇಖರಿಗೆ ಆ ಕಲ್ಪನೆ ರುಚಿಸಿದಂತಿಲ್ಲ. ಎರಡೂವರೆ ವರ್ಷದೊಳಗೆ ದುಬೈ ತನ್ನ ಅಂಚೆಯನ್ನು ತಾನೇ ವಹಿಸಿಕೊಂಡಿತು. 1963ರ ಜೂನ್ 15ರಂದು ಸ್ವಂತ ಹೆಸರಿನಲ್ಲಿ, ಚಿಪ್ಪು-ಏಡಿಗಳ ಚಿತ್ರವಿರುವ ಚೀಟಿಗಳನ್ನು ಹೊರಡಿಸಿತು. ಮುಂದಿನ ತಿಂಗಳು ಶಾರ್ಜಾ ಹಿಂಬಾಲಿಸಿತು.

ಅಬುಧಾಬಿಯ ದಾರಿ ಬೇರೆಯಾಗಿತ್ತು. ಅಲ್ಲಿ ಅಂಚೆ ಕಚೇರಿ ತೆರೆದದ್ದೇ 1963ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ನಂತರ ಬಂದ ಮೊದಲ ಚೀಟಿಗಳಲ್ಲಿ ಆಗಿನ ದೊರೆ ಶೇಖ್ ಶಖ್ಬೂತ್‌ರ ಭಾವಚಿತ್ರ, ಜಿಂಕೆ, ಅರಮನೆ, ಒಂಟೆಗಳ ಪಕ್ಕದಲ್ಲಿ ಎಣ್ಣೆ ಬಾವಿಯ ಗೋಪುರ. ಎಲ್ಲಕ್ಕೂ ಬೆಲೆ ನಯೇ ಪೈಸೆ ಮತ್ತು ರೂಪಾಯಿಯಲ್ಲಿ. 1965ರಲ್ಲಿ ಡೇಗೆ ಬೇಟೆಯ ಮೂರು ಚೀಟಿಗಳು ಬಂದವು. ಶ್ರೀಮಂತರಿಗೂ ಬೆದುಯಿನ್ ಅಲೆಮಾರಿಗಳಿಗೂ ಸಮಾನ ಪ್ರೀತಿಯ ಚಳಿಗಾಲದ ಹವ್ಯಾಸವದು; ಒಂದು ಹವ್ಯಾಸದ ಚಿತ್ರ ಇನ್ನೊಂದು ಹವ್ಯಾಸದವರ ಕೈಗೆ ಸಿಕ್ಕು, ಇಂದಿಗೂ ಆ ಮೂರಕ್ಕೆ ಬೇಡಿಕೆ ಇದೆ.

1966 ಈ ಚೀಟಿಗಳ ಮೇಲೆ ಎರಡು ಗುರುತು ಬಿಟ್ಟಿತು. ಜೂನ್‌ನಲ್ಲಿ ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು, ಅದರೊಂದಿಗೆ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ 1959ರಿಂದ ಹೊರಡಿಸುತ್ತಿದ್ದ ಗಲ್ಫ್ ರೂಪಾಯಿಯೂ ಬಿದ್ದಿತು. ಅಬುಧಾಬಿ ಬಹರೈನ್ ದಿನಾರ್‌ಗೆ ಹೋಯಿತು, ದುಬೈ ಕತಾರ್ ಜೊತೆ ಸೇರಿ ರಿಯಾಲ್ ಮಾಡಿಕೊಂಡಿತು. ಆಗಸ್ಟ್ 6ರಂದು ಅಬುಧಾಬಿಯಲ್ಲಿ ಶಖ್ಬೂತ್‌ರನ್ನು ಇಳಿಸಿ ತಮ್ಮ ಶೇಖ್ ಜಾಯೆದ್ ಗದ್ದುಗೆ ಏರಿದರು. ಅಕ್ಟೋಬರ್‌ನಲ್ಲಿ ಹಳೆಯ ದಾಸ್ತಾನಿನ ಚೀಟಿಗಳೇ ಮತ್ತೆ ಕೌಂಟರಿಗೆ ಬಂದವು: ರೂಪಾಯಿಯ ಬದಲು ಫಿಲ್ಸ್ ಬೆಲೆ, ಪದಚ್ಯುತ ಶೇಖರ ಮುಖದ ಮೇಲೆ ದಪ್ಪ ಅಡ್ಡಗೆರೆಗಳು. ಅಂಗೈಯ ಮೂಲೆಯಲ್ಲಿ ಹಿಡಿಯುವ ಕಾಗದದಲ್ಲಿ ಒಂದು ನಾಣ್ಯದ ಪತನ, ಒಬ್ಬ ದೊರೆಯ ಪತನ ಎರಡೂ ಇವೆ. ಪಠ್ಯಪುಸ್ತಕ ಇದನ್ನೇ ಹೇಳಲು ಎರಡು ಪುಟ ತೆಗೆದುಕೊಳ್ಳುತ್ತದೆ.

ವಿದ್ಯಾರ್ಥಿಗಳ ಆಲ್ಬಂ ತುಂಬಿಸಿದ್ದು ಮಾತ್ರ ಅಬುಧಾಬಿಯಲ್ಲ. ಒಕ್ಕೂಟ ಸೇರುವವರೆಗೂ ಅದು ಹೊರಡಿಸಿದ ಚೀಟಿಗಳು ನೂರಕ್ಕಿಂತ ಕಡಿಮೆ. 1962ರಲ್ಲೇ ಎಣ್ಣೆ ರಫ್ತು ಶುರುವಾಗಿದ್ದ ನಾಡಿಗೆ ಚೀಟಿ ಮಾರಿ ಗಳಿಸುವ ಅಗತ್ಯವಿರಲಿಲ್ಲ. ಎಣ್ಣೆಯಿಲ್ಲದ ಉತ್ತರದ ಸಂಸ್ಥಾನಗಳ ಸ್ಥಿತಿ ಬೇರೆ. ಸಾಕಿ ಬೆಳೆಸಿದ ಮುತ್ತು ಬಂದ ಮೇಲೆ ಮುತ್ತಿನ ವ್ಯಾಪಾರ ನೆಲಕಚ್ಚಿತ್ತು. ಮೀನು, ಖರ್ಜೂರ ಬಿಟ್ಟರೆ ಖಜಾನೆಗೆ ದಾರಿಯಿರಲಿಲ್ಲ. ಆ ಹೊತ್ತಿಗೆ ಬಾಗಿಲು ತಟ್ಟಿದವನು ಫಿನ್‌ಬಾರ್ ಕೆನ್ನಿ ಎಂಬ ಅಮೆರಿಕದ ಚೀಟಿ ವ್ಯಾಪಾರಿ. ನ್ಯೂಯಾರ್ಕ್‌ನ ಮೇಸೀಸ್ ಅಂಗಡಿಯ ಅಂಚೆಚೀಟಿ ವಿಭಾಗ ನೋಡಿಕೊಳ್ಳುತ್ತಿದ್ದ ಈತ, ಜಗತ್ತಿನಲ್ಲಿ ಒಂದೇ ಇರುವ ಬ್ರಿಟಿಷ್ ಗಯಾನಾದ ಒಂದು ಸೆಂಟ್ ಚೀಟಿಯನ್ನು 1940ರಲ್ಲಿ ಕೈಬದಲಾಯಿಸಿದ ಪಳಗಿದ ಕೈ. ಒಂದೇ ಪ್ರತಿಯಿರುವ ಚೀಟಿ ಮಾರಿದವನು ಈಗ ಲಕ್ಷಗಟ್ಟಲೆ ಪ್ರತಿಗಳ ವ್ಯಾಪಾರಕ್ಕೆ ಇಳಿದ. 1964ರಲ್ಲಿ ಅಜ್ಮಾನ್‌ನೊಂದಿಗೆ ಒಪ್ಪಂದವಾಯಿತು. ಅದೇ ವರ್ಷದೊಳಗೆ ಉಮ್ ಅಲ್ ಕುವೈನ್, ಫುಜೈರಾ, ರಾಸ್ ಅಲ್ ಖೈಮಾಗಳ ಹೆಸರಿನಲ್ಲೂ ಚೀಟಿಗಳು ಬಂದವು. ಮುದ್ರಣ, ಮಾರಾಟ ಎಲ್ಲ ಏಜೆಂಟರದ್ದು. ಶೇಖರಿಗೆ ಸಂದದ್ದು ಹೆಸರು ಕೊಟ್ಟದ್ದಕ್ಕೆ ಹಣ. ಕೆನ್ನಿಯ ಮುಂದಿನ ಸಾಹಸಗಳು ಪೆಸಿಫಿಕ್‌ನ ಕುಕ್ ದ್ವೀಪಗಳವರೆಗೂ ಹೋದವು. ಅಲ್ಲಿನ ಚುನಾವಣೆಗೆ ಹಣ ಒದಗಿಸಿದ್ದಕ್ಕಾಗಿ ಅವನ ಕಂಪನಿ 1979ರಲ್ಲಿ, ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ ಹೊಸ ಕಾನೂನಿನಡಿ ತಪ್ಪೊಪ್ಪಿಕೊಂಡಿತು.

ಅಜ್ಮಾನ್‌ನ ಮೊದಲ ಚೀಟಿಗಳಲ್ಲಿ ಶೇಖರ ಪಕ್ಕದಲ್ಲಿ ಒಂಟೆ, ಕೊಕ್ಕರೆ, ಬಣ್ಣದ ಮೀನುಗಳಾದರೂ ಇದ್ದವು. ಆಮೇಲಿನ ಸರಣಿಗಳಿಗೆ ನಾಡಿನ ನೆನಪೇ ಉಳಿಯಲಿಲ್ಲ. ಒಲಿಂಪಿಕ್ಸ್, ಕೆನಡಿ, ಅಪೊಲೊ ಯಾನ, ಯುರೋಪಿನ ವರ್ಣಚಿತ್ರಗಳು, ಹಿಮದ ಮೇಲೆ ಜಾರುವ ಆಟಗಾರರು, ಹೀಗೆ ಮಾರುಕಟ್ಟೆ ಕೇಳಿದ್ದೆಲ್ಲ ಬಂತು. ಹಲ್ಲಿರುವ ಅಂಚಿನದು ಒಂದು ಸರಣಿ, ಹಲ್ಲಿಲ್ಲದ್ದು ಇನ್ನೊಂದು, ಬಂಗಾರದ ತಗಡಿನದು ಮತ್ತೊಂದು. ಉಮ್ ಅಲ್ ಕುವೈನ್ 1972ರಲ್ಲಿ ಅಲುಗಾಡಿಸಿದರೆ ಆಳ ಕಾಣುವ ಪ್ಲಾಸ್ಟಿಕ್ ಚೀಟಿಗಳನ್ನೂ ತಂದಿತು. ಶಾರ್ಜಾದ ಅಧೀನದ ಖೋರ್ ಫಕ್ಕಾನ್ 1965ರಿಂದ, ಅಜ್ಮಾನ್‌ಗೆ ಸೇರಿದ ಒಳನಾಡಿನ ಹಳ್ಳಿ ಮನಾಮಾ 1966ರಿಂದ ಬೇರೆ ಬೇರೆ ದೇಶಗಳೇನೋ ಎಂಬಂತೆ ಚೀಟಿ ಹೊರಡಿಸಿದವು. ಮನಾಮಾದ ಹೆಸರಿನಲ್ಲಿ ಏರ್‌ಮೇಲ್ ಚೀಟಿಗಳೂ ಬಂದವು. ಬಹರೈನ್‌ನ ರಾಜಧಾನಿಯ ಹೆಸರೂ ಅದೇ ಆದ್ದರಿಂದ ಎಷ್ಟೋ ಆಲ್ಬಂಗಳಲ್ಲಿ ಈ ಹಳ್ಳಿ ಬಹರೈನ್ ಪುಟ ಸೇರಿಕೊಂಡಿದೆ.

ಈ ಚೀಟಿಗಳು ಪತ್ರದ ಮೇಲೆ ಪಯಣಿಸಿದವಲ್ಲ ಎಂದು ತಿಳಿಯಲು ವಿದ್ಯಾರ್ಥಿಗೆ ಒಂದು ತಟ್ಟೆ ನೀರು ಸಾಕಾಗಿತ್ತು. ಲಕೋಟೆಯಿಂದ ಕತ್ತರಿಸಿದ ನಿಜವಾದ ಚೀಟಿ ನೀರಿನಲ್ಲಿ ನೆನೆದು ಕಾಗದದಿಂದ ಬಿಡುವ ಹೊತ್ತಿಗೆ ಅಂಟು ಕರಗಿ ಹೋಗಿರುತ್ತದೆ, ಠಸ್ಸೆ ಎಲ್ಲೆಂದರಲ್ಲಿ ಬಿದ್ದು ಚಿತ್ರ ಹಾಳಾಗಿರುತ್ತದೆ. ಅಜ್ಮಾನ್ ಚೀಟಿಯ ಠಸ್ಸೆ ಯಾವಾಗಲೂ ಒಂದು ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲು ವೃತ್ತ. ಹಿಂದೆ ತಿರುಗಿಸಿದರೆ ಅಂಟು ಹೊಳೆಯುತ್ತ ಹಾಗೆಯೇ ಇರುತ್ತದೆ. ಹಾಳೆಯ ಮೇಲೆ ಚೀಟಿ ಮುದ್ರಿಸುವಾಗಲೇ ಠಸ್ಸೆಯನ್ನೂ ಒತ್ತಿಬಿಡುತ್ತಿದ್ದರು. ಹೀಗೆ ಮಾಡಿದ ಚೀಟಿಗಳು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ, ನೂರಕ್ಕಿಷ್ಟು ಎಂಬ ಲೆಕ್ಕದಲ್ಲಿ ಜಗತ್ತಿನ ಊರೂರಿನ ಅಂಗಡಿ ತಲುಪಿದವು.

ಹಿರಿಯ ಸಂಗ್ರಾಹಕರು ಇವನ್ನೆಲ್ಲ ಮರಳುದಿಬ್ಬ ಎಂಬ ಅರ್ಥದ ‘ಡ್ಯೂನ್ಸ್’ ಎಂಬ ಅಡ್ಡಹೆಸರಿಟ್ಟು ಬದಿಗೆ ಸರಿಸಿದರು. ಅಮೆರಿಕದ ಸ್ಕಾಟ್ ಕ್ಯಾಟಲಾಗ್ ಬಹುಪಾಲಿಗೆ ಸಂಖ್ಯೆ ಕೊಡಲು ಒಪ್ಪಲಿಲ್ಲ, ಲಂಡನ್‌ನ ಸ್ಟ್ಯಾನ್ಲಿ ಗಿಬನ್ಸ್ ಅನುಬಂಧಕ್ಕೆ ತಳ್ಳಿತು. ಜರ್ಮನಿಯ ಮಿಶೆಲ್ ಮಾತ್ರ ಎಲ್ಲವನ್ನೂ ಪಟ್ಟಿಮಾಡಿತು. ಕ್ಯಾಟಲಾಗಿನವರ ತಿರಸ್ಕಾರಕ್ಕೆ ಕಾರಣವಿತ್ತು, ಆದರೆ ಅದು ಬೆಲೆ ನೋಡುವವರ ಲೆಕ್ಕ. ಬಣ್ಣದ ಕಲಾಪುಸ್ತಕ ಕೈಗೆ ಸಿಗದ ಊರಿನ ಕಾಲೇಜು ಹುಡುಗನಿಗೆ ಯುರೋಪಿನ ವರ್ಣಚಿತ್ರಗಳ ಮೊದಲ ದರ್ಶನ ಮಾಡಿಸಿದ್ದು ಪುಡಿಗಾಸಿಗೆ ಸಿಗುತ್ತಿದ್ದ ಈ ಚೀಟಿಗಳೇ ಇರಬಹುದು. ವಿಷಯವಾರು ಸಂಗ್ರಹ ಎಂಬ ಪದ್ಧತಿ, ಅಂದರೆ ಬರೀ ಚಿಟ್ಟೆ ಅಥವಾ ಬರೀ ಬಾಹ್ಯಾಕಾಶ, ಬಡ ವಿದ್ಯಾರ್ಥಿಗಳಿಗೂ ಎಟುಕಿದ್ದು ಇವುಗಳಿಂದ.

1971ರ ಡಿಸೆಂಬರ್ 2ರಂದು ಒಕ್ಕೂಟ ಹುಟ್ಟಿತು, ರಾಸ್ ಅಲ್ ಖೈಮಾ ಮರು ಫೆಬ್ರವರಿಯಲ್ಲಿ ಸೇರಿತು. 1972ರ ಆಗಸ್ಟ್‌ನಲ್ಲಿ ಅಬುಧಾಬಿಯ ಚೀಟಿಗಳ ಮೇಲೆ ಹೊಸ ದೇಶದ ಹೆಸರು ಅಚ್ಚಾಯಿತು, 1973ರ ಜನವರಿ 1ರಿಂದ ಧ್ವಜ, ಲಾಂಛನ ಹೊತ್ತ ಒಕ್ಕೂಟದ ಸ್ವಂತ ಚೀಟಿಗಳು ಬಂದವು. ಏಜೆಂಟರ ಅಂಗಡಿ ಅಲ್ಲಿಗೆ ಮುಚ್ಚಿತು.

ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡುಗಳಿಂದ ಜನ ದೊಡ್ಡ ಪ್ರಮಾಣದಲ್ಲಿ ದುಬೈ-ಅಬುಧಾಬಿಗೆ ಹೊರಟದ್ದು ಈ ಹೊತ್ತಿನಲ್ಲೇ. ಮುಂಬಯಿಯಿಂದ ಕೊಲ್ಲಿಗೆ ಹೋಗುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಕೊನೆಯ ಹಡಗು ‘ದ್ವಾರಕಾ’ 1982ರವರೆಗೂ ಓಡಿತು. ಎಮಿರೇಟ್ಸ್‌ನಲ್ಲಿ ಮನೆಬಾಗಿಲಿಗೆ ಪತ್ರ ತರುವ ಪೋಸ್ಟ್‌ಮ್ಯಾನ್ ಇರಲಿಲ್ಲ. ಎಲ್ಲವೂ ಪೋಸ್ಟ್ ಬಾಕ್ಸಿಗೆ. ನೂರಾರು ಕೆಲಸಗಾರರಿಗೆ ಕಂಪನಿಯ ಒಂದೇ ಬಾಕ್ಸ್ ನಂಬರ್ ವಿಳಾಸ. ಊರಿನಿಂದ ಹೋಗುವ ಪತ್ರಗಳ ಮೇಲೆ ಹೆಸರು, ಕಂಪನಿ, ಆ ಸಂಖ್ಯೆ, ಕೊನೆಗೆ ದುಬೈ ಅಥವಾ ಅಬುಧಾಬಿ, ಅಷ್ಟೇ. ಅಲ್ಲಿಂದ ಬರುವ ಲಕೋಟೆಗಳ ಮೂಲೆಯನ್ನು ಮನೆಯ ಕಿರಿಯರು ಕತ್ತರಿಸಿಟ್ಟುಕೊಳ್ಳುತ್ತಿದ್ದರು. ಹಾಗೆ ಕರಾವಳಿಯ ಆಲ್ಬಂಗಳಲ್ಲಿ ಅಂಟು ಕರಗಿದ, ಠಸ್ಸೆಯಿಂದ ಮಸುಕಾದ ನಿಜವಾದ ಎಮಿರೇಟ್ಸ್ ಚೀಟಿಗಳು ಅಜ್ಮಾನ್‌ನ ಹೊಳೆಯುವ ಚೀಟಿಗಳ ಪಕ್ಕ ಬಂದು ಕೂತವು. ಕ್ಯಾಸೆಟ್, ಫೋನು, ಆಮೇಲೆ ಇಂಟರ್‌ನೆಟ್ ಬಂದಂತೆ ಆ ಲಕೋಟೆಗಳು ನಿಂತುಹೋದವು.

ಎಮಿರೇಟ್ಸ್‌ನ ಒಳಗೆ ಈ ಹವ್ಯಾಸಕ್ಕೆ ಸಂಸ್ಥೆಯ ರೂಪ ಬಂದದ್ದು 1996ರಲ್ಲಿ, ಎಮಿರೇಟ್ಸ್ ಫಿಲಾಟೆಲಿಕ್ ಅಸೋಸಿಯೇಶನ್ ಹುಟ್ಟಿದಾಗ. ದೇಶದ ಐವತ್ತನೇ ವರ್ಷಾಚರಣೆಗೆ 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್ ಪೋಸ್ಟ್ ಡಿಜಿಟಲ್ ರೂಪದಲ್ಲೂ ಇಟ್ಟುಕೊಳ್ಳಬಹುದಾದ ಎನ್‌ಎಫ್‌ಟಿ ಚೀಟಿಗಳನ್ನು ಹೊರಡಿಸಿತು. ಸಂಗ್ರಾಹಕರಿಗೆಂದೇ ಮಾಡಿದ್ದು ಎಂಬ ಮಟ್ಟಿಗೆ ಇವು ಹಳೆಯ ಅಜ್ಮಾನ್ ಚೀಟಿಗಳ ವಂಶದವೇ. 2025ರಲ್ಲಿ ಜಾಗತಿಕ ಅಂಚೆ ಒಕ್ಕೂಟದ ಮಹಾಧಿವೇಶನ ನಡೆದದ್ದೂ ದುಬೈಯಲ್ಲಿ.

ಸಂಗ್ರಾಹಕರ ನಡುವೆ ಈಗ ಬೆಲೆಯ ಲೆಕ್ಕ ತಿರುಗಿದೆ. ಚಿಟ್ಟೆ-ರಾಕೆಟ್‌ಗಳ ಬಿಡಿ ಚೀಟಿಗಳು ಇಂದಿಗೂ ಪುಡಿಗಾಸಿನವೇ. ಹಾಗಲ್ಲದೆ ಅಜ್ಮಾನ್, ಮನಾಮಾ, ಫುಜೈರಾಗಳ ಚೀಟಿ ಹಚ್ಚಿ ಯಾರೋ ಬರೆದು, ಯಾವುದೋ ಊರು ತಲುಪಿದ ಲಕೋಟೆ ಇದ್ದರೆ ತೋರಿಸಿ ಎಂದು ಹರಾಜಿನವರು ಕೇಳುತ್ತಾರೆ. ಅಂಥವು ಸಿಗುವುದು ಬಲು ಅಪರೂಪ.